ಕ್ರೋಮಿನಲ್ಲಿ ಸರಿ, ಐಫೋನಿನಲ್ಲಿ ಅರ್ಧ ಅಕ್ಷರ: ತಪ್ಪು ಬ್ರೌಸರಿನದ್ದೇ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ನಮ್ಮೂರ ಗ್ರಂಥಾಲಯಕ್ಕೆ ಯೂಟ್ಯೂಬ್ ನೋಡಿ ಕಲಿತು ನಾನೇ ಒಂದು ವೆಬ್‌ಸೈಟ್ ಮಾಡಿದ್ದೇನೆ. ಮೇಲೆ ಮೆನು, ನಡುವೆ ಒಂದು ಬದಿಗೆ ಕನ್ನಡ ಪುಸ್ತಕಗಳ ಪಟ್ಟಿ, ಇನ್ನೊಂದು ಬದಿಗೆ ಮಲಯಾಳಂ ಪುಸ್ತಕಗಳ ಪಟ್ಟಿ, ಕೊನೆಗೆ ಸದಸ್ಯತ್ವದ ಫಾರ್ಮ್. ನನ್ನ ವಿಂಡೋಸ್ ಲ್ಯಾಪ್‌ಟಾಪಿನ ಕ್ರೋಮಿನಲ್ಲಿ ಏನೂ ತೊಂದರೆ ಇಲ್ಲ. ಶಾಲೆಯ ಕಂಪ್ಯೂಟರಿನ ಫೈರ್‌ಫಾಕ್ಸಿನಲ್ಲಿ ಮಲಯಾಳಂ ಪಟ್ಟಿ ಕನ್ನಡದ ಕೆಳಗೆ ಇಳಿದು ಕೂರುತ್ತದೆ, ಮೆನುವಿನ ಕೊನೆಯ ಪದಗಳು ತಲೆಬರಹದ ಮೇಲೆ ಬೀಳುತ್ತವೆ. ದುಬೈಯಲ್ಲಿರುವ ಅಣ್ಣನ ಐಫೋನಿನಲ್ಲಿ ‘ಅರ್ಜಿ ಸಲ್ಲಿಸಿ’ ಬಟನಿನ ಒತ್ತಕ್ಷರ ಅರ್ಧಕ್ಕೆ ತುಂಡಾಗಿದೆ, ಹೆಸರು ಬರೆಯಲು ಮುಟ್ಟಿದರೆ ಪುಟ ತಾನಾಗಿ ದೊಡ್ಡದಾಗುತ್ತದೆ, ಮುಖಪುಟದ ಅಡಿಯಲ್ಲಿಟ್ಟ ‘ಇಂದಿನ ಸಮಯ’ ಪಟ್ಟಿ ಕಾಣುವುದೇ ಇಲ್ಲ. ಐಫೋನಿಗೆ ಕ್ರೋಮ್ ಹಾಕಿ ನೋಡಿದರೂ ಅದೇ ಕಥೆ. ಕಾರ್ಯದರ್ಶಿಯವರು ‘ಕ್ರೋಮಿನಲ್ಲೇ ನೋಡಿ’ ಎಂದು ಅಡಿಯಲ್ಲಿ ಬರೆದುಬಿಡು ಎನ್ನುತ್ತಾರೆ. ಗೆಳೆಯನೊಬ್ಬ ಒಂದೊಂದು ಬ್ರೌಸರಿಗೂ ಬೇರೆ ಬೇರೆ ಸಿಎಸ್‌ಎಸ್ (ಪುಟದ ರೂಪ ಗೊತ್ತುಮಾಡುವ ಕೋಡು) ಬರೆಯಬೇಕು ಎನ್ನುತ್ತಾನೆ. ಡಿಟಿಪಿ ಅಂಗಡಿಯವರ ಸಲಹೆ, ಅಕ್ಷರಗಳನ್ನೆಲ್ಲ ಚಿತ್ರ ಮಾಡಿ ಹಾಕುವುದು. ಇನ್ನೊಬ್ಬರು ಹಣ ಕೊಟ್ಟು ಒಳ್ಳೆಯ ಥೀಮ್ (ಸಿದ್ಧ ವಿನ್ಯಾಸ) ತೆಗೆದುಕೋ ಎನ್ನುತ್ತಾರೆ. ಯಾರ ಮಾತು ಕೇಳಲಿ? ಸಿಎಸ್‌ಎಸ್ ಫೈಲನ್ನೂ ಸ್ಕ್ರೀನ್‌ಶಾಟುಗಳನ್ನೂ ಜತೆಗೆ ಇಟ್ಟಿದ್ದೇನೆ.

ಉತ್ತರ: ಫೈಲ್ ಕಳಿಸಿದ್ದು ಒಳ್ಳೆಯದಾಯಿತು. ಇಂಥ ಪ್ರಶ್ನೆಗಳಲ್ಲಿ ಹೆಚ್ಚಿನವರು ‘ಸರಿ ಬರುತ್ತಿಲ್ಲ’ ಎಂದು ಮಾತ್ರ ಬರೆಯುತ್ತಾರೆ, ಆಮೇಲೆ ಊಹೆ ಮಾಡುತ್ತಾ ಕೂರುವ ಕೆಲಸ ನಮ್ಮದು.

ಒಂದೇ ಕೋಡು ಐದು ಕಡೆ ಐದು ರೀತಿ ಕಂಡರೆ ಐದು ಬ್ರೌಸರುಗಳ ಹಿಂದೆಯೂ ಓಡಬೇಕೇ ಎಂಬುದು ನಿಮ್ಮ ಚಿಂತೆ. ಓಡಬೇಕಾಗಿಲ್ಲ. ನೀವು ಹೇಳಿದ ಐದು ತೊಂದರೆಗಳಲ್ಲಿ ಎರಡು ಮಾತ್ರ ನಿಜವಾಗಿ ಬ್ರೌಸರಿಗೆ ಸೇರಿದ್ದು: ಪುಟ ದೊಡ್ಡದಾಗುವುದು, ಅಡಿಯ ಪಟ್ಟಿ ಮರೆಯಾಗುವುದು. ಪಟ್ಟಿ ಇಳಿದದ್ದು, ಮೆನು ಚೆಲ್ಲಿದ್ದು, ಒತ್ತಕ್ಷರ ತುಂಡಾದದ್ದು, ಈ ಮೂರಕ್ಕೂ ಕಾರಣ ಫಾಂಟು.

ಹೇಗೆ ಗೊತ್ತಾಯಿತೆಂದರೆ, ನಿಮ್ಮ ಪುಟವನ್ನು ವಿಂಡೋಸಿನಲ್ಲೇ ಫೈರ್‌ಫಾಕ್ಸ್ ಹಾಕಿ ತೆರೆದೆ. ಮೆನುವೂ ಎರಡು ಪಟ್ಟಿಗಳೂ ತಮ್ಮ ಜಾಗದಲ್ಲೇ ಇದ್ದವು. ಆಮೇಲೆ ಲಿನಕ್ಸಿನಲ್ಲಿ ಕ್ರೋಮಿಯಂ (ಕ್ರೋಮಿನ ಮುಕ್ತ ರೂಪ) ಹಾಕಿ ತೆರೆದೆ. ಮಲಯಾಳಂ ಪಟ್ಟಿ ಇಳಿಯಿತು, ನಿಮ್ಮ ಶಾಲೆಯಲ್ಲಿ ಇಳಿದ ಹಾಗೆಯೇ. ಅಲ್ಲಿಗೆ ಫೈರ್‌ಫಾಕ್ಸ್ ನಿರ್ದೋಷಿ. ಇನ್ನು ಮುಂದೆ ಯಾವ ಪುಟ ಕೆಟ್ಟರೂ ಮೊದಲು ಇದನ್ನೇ ಮಾಡಿ: ಒಂದೇ ಕಂಪ್ಯೂಟರಿನಲ್ಲಿ ಎರಡು ಬ್ರೌಸರ್, ಒಂದೇ ಬ್ರೌಸರ್ ಎರಡು ಕಂಪ್ಯೂಟರಿನಲ್ಲಿ. ಒಮ್ಮೆಗೆ ಒಂದನ್ನು ಮಾತ್ರ ಬದಲಾಯಿಸಿದರೆ ತಪ್ಪು ಎಲ್ಲಿದೆ ಎಂದು ತಾನಾಗಿ ಹೊರಬೀಳುತ್ತದೆ. ಹಾಗೆಯೇ ಕಂಟ್ರೋಲ್ ಒತ್ತಿ ಸೊನ್ನೆ ಒತ್ತಿ ಝೂಮ್ ನೂರಕ್ಕೆ ತನ್ನಿ. ಒಂದೊಂದು ಸೈಟಿಗೂ ಝೂಮ್ ಎಷ್ಟಿತ್ತೆಂದು ಬ್ರೌಸರ್ ನೆನಪಿಟ್ಟುಕೊಳ್ಳುತ್ತದೆ. ‘ನನ್ನಲ್ಲಿ ಅಕ್ಷರ ದೊಡ್ಡದು, ಅವನಲ್ಲಿ ಚಿಕ್ಕದು’ ಎಂಬ ದೂರುಗಳಲ್ಲಿ ಎಷ್ಟೋ ಅಲ್ಲಿಗೇ ಮುಗಿಯುತ್ತವೆ.

ಈಗ ಫಾಂಟಿನ ವಿಷಯ. ನಿಮ್ಮ ಸಿಎಸ್‌ಎಸ್‌ನಲ್ಲಿ ಫಾಂಟ್ ಎಂದು ಒಂದೇ ಹೆಸರಿದೆ, ನಿರ್ಮಲಾ ಯುಐ. ಇದು ವಿಂಡೋಸ್ 8ರಿಂದ ಈಚೆಗೆ ವಿಂಡೋಸಿನ ಜತೆ ಬರುವ ಫಾಂಟ್, ಕನ್ನಡವೂ ಮಲಯಾಳವೂ ಅದರಲ್ಲೇ ಉಂಟು. ಅಣ್ಣನ ಐಫೋನಿನಲ್ಲಿ ಅದಿಲ್ಲ, ನಿಮ್ಮ ಊರಿನವರ ಆಂಡ್ರಾಯ್ಡ್ ಫೋನುಗಳಲ್ಲೂ ಇಲ್ಲ. ಶಾಲೆಯಲ್ಲಂತೂ ಇರುವುದೇ ಇಲ್ಲ: ಕೇರಳದ ಶಾಲೆಗಳಲ್ಲಿ ಓಡುವುದು ಕೇರಳ ಸರಕಾರದ ಕೈಟ್ ಸಂಸ್ಥೆ ಕೊಡುವ ಲಿನಕ್ಸ್, ಹಿಂದೆ ಐಟಿ ಅಟ್ ಸ್ಕೂಲ್ ಎನ್ನುತ್ತಿದ್ದೆವಲ್ಲ, ಅದೇ. ಹೇಳಿದ ಫಾಂಟ್ ಸಿಗದಾಗ ಬ್ರೌಸರ್ ಆ ಯಂತ್ರದಲ್ಲಿ ಯಾವ ಕನ್ನಡ ಫಾಂಟ್ ಇದೆಯೋ ಅದನ್ನು ಎತ್ತಿಕೊಳ್ಳುತ್ತದೆ. ಲಿನಕ್ಸಿನಲ್ಲಿ ಅದು ಲೋಹಿತ್ ಇರಬಹುದು, ನೋಟೋ ಇರಬಹುದು. ಐಫೋನಿನಲ್ಲಿ ಆಪಲ್ ತಾನೇ ಇಟ್ಟ ಫಾಂಟ್. ಆಂಡ್ರಾಯ್ಡಿನಲ್ಲಿ ನೋಟೋ. 16 ಪಿಕ್ಸೆಲ್ ಎಂದು ನೀವು ಬರೆದರೂ ಒಂದರಲ್ಲಿ ಅಕ್ಷರ ಅಗಲ, ಇನ್ನೊಂದರಲ್ಲಿ ಇಕ್ಕಟ್ಟು. ಒತ್ತಕ್ಷರ ಕೆಳಗೆ ಎಷ್ಟು ಇಳಿಯುತ್ತದೆ ಎಂಬುದೂ ಬೇರೆ ಬೇರೆ.

ಕಾಸರಗೋಡಿನಲ್ಲಿ ಇದರ ಮೇಲೆ ಇನ್ನೊಂದು ಗಂಟು. ಬೆಂಗಳೂರಿನ ವೆಬ್‌ಸೈಟಿಗೆ ಹೆಚ್ಚಾಗಿ ಒಂದು ಭಾರತೀಯ ಲಿಪಿ ಸಾಕು, ನಮಗೆ ಎರಡು ಬೇಕು. ಕೇರಳ ಸರಕಾರ 1971ರಲ್ಲಿ ಮಲಯಾಳಂ ಲಿಪಿಯನ್ನು ಸುಧಾರಿಸಿತು. ನಿರ್ಮಲಾದಂಥ ಫಾಂಟುಗಳು ಆ ಸುಧಾರಿತ ಲಿಪಿಯವು. ಲಿನಕ್ಸಿನಲ್ಲಿ ಸಿಗುವ ಮೀರಾ, ರಚನಾದಂಥವು ಹಳೆಯ ಲಿಪಿಯವು, ಅಲ್ಲಿ ಕೂಡಕ್ಷರಗಳು ಒಂದರ ಕೆಳಗೊಂದು ಪೇರಿಕೊಳ್ಳುತ್ತವೆ. ಅಂದರೆ ಅದೇ ಮಲಯಾಳಂ ವಾಕ್ಯ ಒಂದು ಕಂಪ್ಯೂಟರಿನಲ್ಲಿ ಪಕ್ಕಕ್ಕೆ ಚಾಚುತ್ತದೆ, ಇನ್ನೊಂದರಲ್ಲಿ ಕೆಳಕ್ಕೆ ಬೆಳೆಯುತ್ತದೆ. ಕನ್ನಡ ಪಟ್ಟಿಯ ಸಾಲುಗಳೂ ಮಲಯಾಳಂ ಪಟ್ಟಿಯ ಸಾಲುಗಳೂ ಅಕ್ಕಪಕ್ಕ ಒಂದೇ ಎತ್ತರಕ್ಕೆ ಬರಬೇಕೆಂದು ಹಟ ಹಿಡಿದರೆ ನಿಮಗೆ ರಾತ್ರಿ ನಿದ್ದೆ ಬರಲಿಕ್ಕಿಲ್ಲ. ಅದನ್ನು ಬಿಟ್ಟುಬಿಡಿ.

ಪ್ರೆಸ್ಸಿನಲ್ಲಿ ಆಮಂತ್ರಣ ಪತ್ರಿಕೆ ಮಾಡಿಸಿದವರು ವೆಬ್‌ಸೈಟಿನಿಂದಲೂ ಅದನ್ನೇ ನಿರೀಕ್ಷಿಸುತ್ತಾರೆ. ಆಮಂತ್ರಣದಲ್ಲಿ ಕಾಗದದ ಅಳತೆ, ಅಕ್ಷರ, ಶಾಯಿ ಎಲ್ಲವನ್ನೂ ನಾವೇ ಗೊತ್ತುಮಾಡಿ ಕೊಟ್ಟಿರುತ್ತೇವೆ, ಸಾವಿರ ಪ್ರತಿಯೂ ಒಂದೇ. ಪುಟವನ್ನು ಮಾತ್ರ ಪ್ರತಿ ಓದುಗನ ಫೋನೂ ತನ್ನಲ್ಲಿದ್ದ ಸಾಮಾನಿನಿಂದ ಹೊಸದಾಗಿ ಮುದ್ರಿಸುತ್ತದೆ. ಆದ ಕಾರಣ ಎಲ್ಲ ಕಡೆ ಕೂದಲೆಳೆಯ ವ್ಯತ್ಯಾಸವಿಲ್ಲದೆ ಕಾಣಬೇಕು ಎಂಬ ಗುರಿಯೇ ಬೇಡ. ಏನೂ ತುಂಡಾಗಬಾರದು, ಏನೂ ಮರೆಯಾಗಬಾರದು, ಬಟನ್ ಒತ್ತಲು ಬರಬೇಕು. ಗ್ರಂಥಾಲಯದ ಸೈಟಿಗೆ ಇಷ್ಟು ಸಾಲದೇ?

ಪಟ್ಟಿ ಇಳಿಯುವುದನ್ನು ನಿಲ್ಲಿಸೋಣ. (ಸಿಎಸ್‌ಎಸ್ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಫೈಲಿನಲ್ಲಿ ನೀವು ಮಾಮೂಲಿನಂತೆ ಇಂಗ್ಲಿಷಿನಲ್ಲೇ ಬರೆಯಬೇಕು.) ನೀವು ಫ್ಲೆಕ್ಸ್ (ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸುವ ವಿಧಾನ) ಬಳಸಿದ್ದೀರಿ, ಹಿಡಿಸದ್ದು ಕೆಳಗಿನ ಸಾಲಿಗೆ ಹೋಗಲೆಂದು ಫ್ಲೆಕ್ಸ್-ರ‍್ಯಾಪ್ ಕೊಟ್ಟಿದ್ದೀರಿ, ಆದರೆ ಯಾವ ಪಟ್ಟಿ ಎಷ್ಟು ಅಗಲ ಎಂದು ಎಲ್ಲೂ ಹೇಳಿಲ್ಲ. ಆಗ ಬ್ರೌಸರ್ ಒಳಗಿನ ಅಕ್ಷರ ಅಳೆದು ಅಗಲ ನಿರ್ಧರಿಸುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎರಡೂ ಸೇರಿ ಹೇಗೋ ಒಂದು ಸಾಲಿಗೆ ಹಿಡಿಸಿದವು. ಶಾಲೆಯಲ್ಲಿ ಸ್ವಲ್ಪ ಮೀರಿತು, ಎರಡನೆಯದು ಕೆಳಗೆ ಹೋಯಿತು. ಇದಕ್ಕೆ ಗ್ರಿಡ್ (ಪುಟವನ್ನು ಕಾಲಮ್ಮುಗಳಾಗಿ ಹಂಚುವ ವಿಧಾನ) ಬಳಸಿ, ಎರಡು ಕಾಲಮ್‌ಗಳಿಗೂ ಮಿನ್‌ಮ್ಯಾಕ್ಸ್ ಸೊನ್ನೆ, ಒಂದು ಎಫ್‌ಆರ್ ಎಂದು ಕೊಡಿ. ಅಂದರೆ ಕನಿಷ್ಠ ಅಗಲ ಸೊನ್ನೆ, ಇದ್ದ ಜಾಗದಲ್ಲಿ ಎರಡಕ್ಕೂ ಸಮಪಾಲು. ಆ ಸೊನ್ನೆಯನ್ನು ಬಿಡಬೇಡಿ. ಬಿಟ್ಟರೆ ಒಂದು ಉದ್ದದ ಸಮಾಸಪದ ಬಂದ ಕೂಡಲೇ ಕಾಲಮ್ ಉಬ್ಬಿ ಪಕ್ಕದ್ದನ್ನು ತಳ್ಳುತ್ತದೆ, ಕನ್ನಡದಲ್ಲಿ ಅಂಥ ಪದಗಳಿಗೆ ಬರಗಾಲವಿಲ್ಲ. ಓವರ್‌ಫ್ಲೋ-ರ‍್ಯಾಪ್ ಎನಿವೇರ್ ಎಂಬುದನ್ನೂ ಸೇರಿಸಿ, ಉದ್ದದ ಪದ ಸಾಲಿಗೆ ಹಿಡಿಸದಿದ್ದರೆ ಮುರಿದು ಮುಂದಿನ ಸಾಲಿಗೆ ಹೋಗುತ್ತದೆ. ಫೋನಿನ ಸಣ್ಣ ಪರದೆಯಲ್ಲಿ ಎರಡು ಕಾಲಮ್ ಯಾರಿಗೂ ಓದಲಾಗದು, ಅಲ್ಲಿ ಮೀಡಿಯಾ ಕ್ವೆರಿ (ಪರದೆಯ ಅಳತೆ ನೋಡಿ ಅನ್ವಯವಾಗುವ ನಿಯಮ) ಹಾಕಿ ಒಂದೇ ಮಾಡಿ. ಗ್ರಿಡ್ 2017ರ ಮಾರ್ಚಿನಲ್ಲೇ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರಕ್ಕೂ ಬಂದಾಗಿದೆ, ಹೆದರಿಕೆ ಬೇಡ.

ಮೆನುವಿನ ಕಥೆ ಇದರದೇ ತಮ್ಮ. 48 ಪಿಕ್ಸೆಲ್ ಎತ್ತರ ಎಂದು ಕಟ್ಟಿಹಾಕಿದ್ದೀರಿ. ಪದಗಳು ಎರಡನೆಯ ಸಾಲಿಗೆ ಹೋದಾಗ ಪೆಟ್ಟಿಗೆ ಬೆಳೆಯಲಾರದು, ಅಕ್ಷರ ಹೊರಗೆ ಚೆಲ್ಲಿ ತಲೆಬರಹದ ಮೇಲೆ ಬೀಳುತ್ತದೆ. ಹೈಟ್ ಎಂದಿರುವಲ್ಲಿ ಮಿನ್-ಹೈಟ್ ಮಾಡಿ. ಕನ್ನಡ ಅಕ್ಷರ ಇರುವ ಯಾವ ಪೆಟ್ಟಿಗೆಗೂ ಗಟ್ಟಿ ಎತ್ತರ ಕೊಡಬಾರದು ಎಂಬುದು ನನ್ನ ಕಟ್ಟುನಿಟ್ಟು.

ಬಟನಿನಲ್ಲೂ ಅದೇ: 32 ಪಿಕ್ಸೆಲ್ ಎತ್ತರ, ಲೈನ್-ಹೈಟ್ (ಸಾಲಿನ ಎತ್ತರ) 1, ಮೇಲಿಂದ ಹೊರಚಾಚಿದ್ದನ್ನು ಮರೆಮಾಡುವ ಓವರ್‌ಫ್ಲೋ ಹಿಡನ್. ಇಂಗ್ಲಿಷಿನ ‘ಸಬ್ಮಿಟ್’ ಎಂಬ ಪದಕ್ಕೆ ಅಷ್ಟು ಧಾರಾಳ ಸಾಕು. ‘ಸಲ್ಲಿಸಿ’ಯ ಲಕಾರದ ಒತ್ತು ಎಲ್ಲಿಗೆ ಹೋಗಬೇಕು? ಯೂಟ್ಯೂಬಿನ ಪಾಠಗಳನ್ನು ಮಾಡಿದವರು ಇಂಗ್ಲಿಷ್ ಅಕ್ಷರಗಳಲ್ಲಿ ಪರೀಕ್ಷಿಸಿರುತ್ತಾರೆ, ನಾವು ಅಳತೆಗಳನ್ನು ಹಾಗೆಯೇ ಎತ್ತಿ ತರುತ್ತೇವೆ. ಎತ್ತರ ತೆಗೆದು ಪ್ಯಾಡಿಂಗ್ (ಅಕ್ಷರದ ಸುತ್ತ ಖಾಲಿ ಜಾಗ) ಕೊಡಿ, ಲೈನ್-ಹೈಟ್ 1.6ರಿಂದ 1.7ರ ತನಕ ಇಡಿ. ಪರೀಕ್ಷೆಗೆ ‘ಸ್ವಾತಂತ್ರ್ಯ’ ಎಂಬ ಪದ ಬಳಸಿ. ತಕಾರದ ಅಡಿಗೆ ಎರಡು ಒತ್ತು ತೂಗುವ ಆ ಪದ ತುಂಡಾಗದೆ ಕಂಡರೆ ಉಳಿದದ್ದೂ ಕಾಣುತ್ತದೆ. ಇನ್ನೊಂದು ವಿಷಯ: ಬಟನ್, ಇನ್‌ಪುಟ್, ಸೆಲೆಕ್ಟ್ ಇವು ಪುಟದ ಫಾಂಟನ್ನು ತಾವಾಗಿ ತೆಗೆದುಕೊಳ್ಳುವುದಿಲ್ಲ. ಇವುಗಳಿಗೆ ಫಾಂಟ್ ಇನ್‌ಹೆರಿಟ್ ಎಂದು ಬೇರೆಯೇ ಹೇಳಬೇಕು. ಪುಟವೆಲ್ಲ ಒಂದು ಅಕ್ಷರ, ಬಟನ್ ಮಾತ್ರ ಇನ್ನೊಂದು ಅಕ್ಷರ ಎಂದು ನೀವು ಸ್ಕ್ರೀನ್‌ಶಾಟಿನಲ್ಲಿ ಗುರುತು ಮಾಡಿದ್ದು ಇದಕ್ಕೇ.

ಇನ್ನು ಅಣ್ಣನ ಐಫೋನಿನಲ್ಲಿ ಕಂಡ, ನಿಜವಾಗಿ ಬ್ರೌಸರಿಗೆ ಸೇರಿದ ಎರಡು. ಇನ್‌ಪುಟ್ ಪೆಟ್ಟಿಗೆಯ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ, ಮುಟ್ಟಿದಾಗ ಓದಲು ಅನುಕೂಲವಾಗಲೆಂದು ಐಫೋನ್ ಪುಟವನ್ನು ಹಿಗ್ಗಿಸುತ್ತದೆ. ನಿಮ್ಮದು 14. 16 ಮಾಡಿ, ಮುಗಿಯಿತು. ಪುಟ ಫೋನಿನಲ್ಲಿ ಎಷ್ಟು ಅಗಲ ಕಾಣಬೇಕೆಂದು ಹೇಳುವ ವ್ಯೂಪೋರ್ಟ್ ಸಾಲಿನಲ್ಲಿ ಝೂಮನ್ನೇ ಬಂದ್ ಮಾಡುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಗ್ರಂಥಾಲಯಕ್ಕೆ ಬರುವವರಲ್ಲಿ ಕನ್ನಡಕದವರೇ ಜಾಸ್ತಿ, ಬೆರಳಲ್ಲಿ ಹಿಗ್ಗಿಸಿ ಓದುವವರ ಕೈ ಕಟ್ಟಿದಂತಾಗುತ್ತದೆ.

ಅಡಿಯ ಪಟ್ಟಿ ಮರೆಯಾಗಲು ಕಾರಣ ಮುಖಪುಟಕ್ಕೆ ನೀವು ಕೊಟ್ಟ 100 ವಿಎಚ್. ಪರದೆಯ ಪೂರ್ತಿ ಎತ್ತರ ಎಂದು ಅದರ ಲೆಕ್ಕ. ಆದರೆ ಫೋನಿನಲ್ಲಿ ವಿಳಾಸದ ಪಟ್ಟಿ ಬರುತ್ತದೆ, ಸರಿಸಿದರೆ ಅಡಗುತ್ತದೆ. ಅಡಗಿದಾಗ ಎಷ್ಟು ಜಾಗ ಸಿಗುತ್ತದೋ ಅದನ್ನೇ ವಿಎಚ್ ಲೆಕ್ಕ ಹಿಡಿಯುತ್ತದೆ, ಆದ್ದರಿಂದ ಪುಟ ತೆರೆದ ಹೊತ್ತಿಗೆ ನಿಮ್ಮ ‘ಇಂದಿನ ಸಮಯ’ ಪರದೆಯ ಆಚೆಗೆ ಬಿದ್ದಿರುತ್ತದೆ. 2022ರಲ್ಲಿ ಇದಕ್ಕೆಂದೇ ಡಿವಿಎಚ್ ಎಂಬ ಹೊಸ ಅಳತೆ ಸಫಾರಿ, ಫೈರ್‌ಫಾಕ್ಸ್, ಕ್ರೋಮ್ ಎಲ್ಲಕ್ಕೂ ಬಂತು. ಮೊದಲ ಸಾಲಿನಲ್ಲಿ 100 ವಿಎಚ್ ಇರಲಿ, ಅದರ ಕೆಳಗಿನ ಸಾಲಿನಲ್ಲಿ 100 ಡಿವಿಎಚ್ ಬರೆಯಿರಿ. ಹಳೆಯ ಬ್ರೌಸರ್ ತನಗೆ ಅರ್ಥವಾಗದ ಸಾಲನ್ನು ಸದ್ದಿಲ್ಲದೆ ಬಿಟ್ಟು ಮೇಲಿನದನ್ನೇ ಹಿಡಿಯುತ್ತದೆ, ಹೊಸದು ಕೆಳಗಿನದನ್ನು ಹಿಡಿಯುತ್ತದೆ. ಬೇರೆ ಬೇರೆ ಬ್ರೌಸರಿಗೆ ಬೇರೆ ಬೇರೆ ಫೈಲು ಬೇಕೆಂದ ನಿಮ್ಮ ಗೆಳೆಯನಿಗೆ ಈ ಎರಡು ಸಾಲನ್ನು ತೋರಿಸಿ.

ಗೆಳೆಯ ಹೇಳಿದ್ದು ಪೂರ್ತಿ ಸುಳ್ಳೇನಲ್ಲ, ಹಳೆಯ ಕಾಲದ ಸತ್ಯ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಆಳುತ್ತಿದ್ದಾಗ ಅದಕ್ಕೆಂದೇ ಪ್ರತ್ಯೇಕ ಫೈಲು ಬರೆದು, ಅದೊಂದೇ ಓದಬಲ್ಲ ವಿಶೇಷ ಕಾಮೆಂಟಿನೊಳಗೆ ಇಡುತ್ತಿದ್ದೆವು. ಎಕ್ಸ್‌ಪ್ಲೋರರ್ 10ಕ್ಕೆ ಆ ವ್ಯವಸ್ಥೆಯೇ ಹೋಯಿತು, 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಎಕ್ಸ್‌ಪ್ಲೋರರಿಗೇ ವಿದಾಯ ಹೇಳಿತು. ಈಗ ಉಳಿದಿರುವ ಎಂಜಿನ್‌ಗಳು (ಕೋಡು ಓದಿ ಪುಟವನ್ನು ಪರದೆಯ ಮೇಲೆ ಮೂಡಿಸುವ ಒಳಭಾಗ) ಮುಖ್ಯವಾಗಿ ಮೂರು. ಕ್ರೋಮ್, ಎಡ್ಜ್, ಒಪೇರಾ, ಸ್ಯಾಮ್ಸಂಗ್ ಇಂಟರ್ನೆಟ್ ಇವೆಲ್ಲ ಬ್ಲಿಂಕ್ ಎಂಬ ಒಂದೇ ಎಂಜಿನಿನ ಮೇಲೆ ನಿಂತಿವೆ. ಫೈರ್‌ಫಾಕ್ಸಿನದ್ದು ಗೆಕ್ಕೋ. ಸಫಾರಿಯದ್ದು ವೆಬ್‌ಕಿಟ್. ಕೆಲವರು ಬ್ರೌಸರಿನ ಹೆಸರನ್ನು ಪತ್ತೆಹಚ್ಚಿ ಅದಕ್ಕೆ ತಕ್ಕ ಹಾಗೆ ಪುಟ ಬದಲಾಯಿಸುವ ಸ್ಕ್ರಿಪ್ಟ್ ಹಾಕುತ್ತಾರೆ. ಅದು ಇನ್ನೂ ಅಪಾಯ. ಎಡ್ಜ್ ತನ್ನ ಪರಿಚಯ ಹೇಳುವಾಗ ಮೊಜಿಲ್ಲಾ, ಕ್ರೋಮ್, ಸಫಾರಿ ಎಲ್ಲರ ಹೆಸರನ್ನೂ ಹೇಳುತ್ತದೆ! ಆ ಮಾತು ನಂಬಿ ಕೋಡ್ ಬರೆದವರ ಸೈಟು ಮುಂದಿನ ಆವೃತ್ತಿ ಬಂದಾಗ ಮುರಿಯುತ್ತದೆ.

ಅಣ್ಣನ ಫೋನಿಗೆ ಕ್ರೋಮ್ ಹಾಕಿದರೂ ಬದಲಾಗದಿದ್ದ ಗುಟ್ಟೂ ಇಲ್ಲೇ ಇದೆ. ಐಫೋನಿನಲ್ಲಿ ಯಾವ ಹೆಸರಿನ ಬ್ರೌಸರ್ ಹಾಕಿದರೂ ಒಳಗೆ ವೆಬ್‌ಕಿಟ್ಟೇ ಇರಬೇಕೆಂಬುದು ಆಪಲಿನ ನಿಯಮ. 2024ರಲ್ಲಿ ಯುರೋಪಿಯನ್ ಒಕ್ಕೂಟದ ದೇಶಗಳಿಗೆ, ಆಮೇಲೆ ಜಪಾನಿಗೆ ಅದನ್ನು ಸಡಿಲಿಸಿದರು, ದುಬೈ ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಕಾರ್ಯದರ್ಶಿಯವರು ಹೇಳಿದಂತೆ ‘ಕ್ರೋಮಿನಲ್ಲೇ ನೋಡಿ’ ಎಂದು ಬರೆದರೆ, ಮಾತು ಕೇಳಿದ ಐಫೋನಿನವರಿಗೂ ಅದೇ ತುಂಡು ಅಕ್ಷರ ಸಿಗುತ್ತದೆ. ಗಲ್ಫಿನಲ್ಲಿರುವ ಸದಸ್ಯರಿಗೆ ಆ ಸೂಚನೆಯಿಂದ ನಯಾಪೈಸೆ ಪ್ರಯೋಜನವಿಲ್ಲ.

ಅಕ್ಷರಗಳನ್ನು ಚಿತ್ರ ಮಾಡುವ ಸಲಹೆ ನಮ್ಮ ಕಡೆ ಬಹಳ ಜನಪ್ರಿಯ. ವಾಟ್ಸಾಪಿನಲ್ಲಿ ಯಕ್ಷಗಾನದ ಕರಪತ್ರ ಹಂಚಲು ಅದು ಸರಿ, ಪುಸ್ತಕದ ಪಟ್ಟಿಗೆ ಖಂಡಿತ ಬೇಡ. ಚಿತ್ರದೊಳಗೆ ಹುಡುಕಲು ಬರುವುದಿಲ್ಲ, ಕಣ್ಣು ಕಾಣದವರ ಫೋನು ಅದನ್ನು ಸರಿಯಾಗಿ ಓದಿ ಹೇಳಲಿಕ್ಕಿಲ್ಲ, ಒಂದು ಪುಸ್ತಕ ಸೇರಿಸಬೇಕಾದರೆ ಪುನಃ ಡಿಟಿಪಿ ಅಂಗಡಿಗೆ ಹೋಗಬೇಕು. ಅಂಗಡಿಯಿಂದಲೇ ಬಂದ ಇನ್ನೊಂದು ತೊಂದರೆ ನಿಮ್ಮ ಫೈಲಿನಲ್ಲಿದೆ, ನೀವು ಗಮನಿಸಿದಂತಿಲ್ಲ. ‘ನಮ್ಮ ಇತಿಹಾಸ’ ಪುಟದ ತಲೆಬರಹ ಪೇಜ್‌ಮೇಕರಿನಿಂದ ನೇರ ಪೇಸ್ಟ್ ಮಾಡಿದ್ದು, ಅದು ಯುನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ) ಅಲ್ಲ. ಆ ಹಳೆಯ ಫಾಂಟ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಇರುವ ಕಾರಣ ನಿಮಗೆ ಕನ್ನಡ, ಬೇರೆ ಎಲ್ಲರಿಗೂ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ನುಡಿ, ಬರಹ ಎಂಬ ಎರಡು ಕನ್ನಡ ತಂತ್ರಾಂಶಗಳಲ್ಲೂ ಹಳೆಯದನ್ನು ಯುನಿಕೋಡಿಗೆ ಬದಲಾಯಿಸುವ ಸೌಲಭ್ಯ ಉಂಟು. ಒಂದೇ ಸಾಲಾದ್ದರಿಂದ ಹೊಸದಾಗಿ ಟೈಪ್ ಮಾಡಿದರೂ ಆಯಿತು.

ಹಾಗಾದರೆ ಫಾಂಟಿಗೆ ಏನು ಮಾಡಬೇಕು? ದಾರಿ ಎರಡು. ಒಂದು, ಆಯಾ ಫೋನಿನಲ್ಲಿದ್ದ ಫಾಂಟನ್ನೇ ಬಳಸಿ, ಮೇಲೆ ಹೇಳಿದಂತೆ ಪೆಟ್ಟಿಗೆಗಳನ್ನು ಸಡಿಲ ಬಿಡುವುದು. ಪುಟ ಹಗುರ, ನೆಟ್‌ವರ್ಕ್ ಕುಂಟುವ ಗುಡ್ಡದ ಬದಿಯಲ್ಲೂ ಬೇಗ ತೆರೆಯುತ್ತದೆ, ರೂಪ ಮಾತ್ರ ಅಲ್ಲಲ್ಲಿ ಬೇರೆ. ಎರಡು, ವೆಬ್‌ಫಾಂಟ್: ನೋಟೋ ಸ್ಯಾನ್ಸ್ ಕನ್ನಡ, ನೋಟೋ ಸ್ಯಾನ್ಸ್ ಮಲಯಾಳಂ ಫೈಲುಗಳನ್ನು ನಿಮ್ಮ ಸೈಟಿನಲ್ಲೇ ಇಟ್ಟು ಎಲ್ಲರಿಗೂ ಅದನ್ನೇ ಕಳಿಸುವುದು. ರೂಪ ಹೆಚ್ಚುಕಡಿಮೆ ಒಂದೇ ಆಗುತ್ತದೆ. ಬದಲಿಗೆ ಪ್ರತಿ ಹೊಸ ಓದುಗ ಎರಡು ಲಿಪಿಯ ಫೈಲುಗಳನ್ನು ಇಳಿಸಿಕೊಳ್ಳಬೇಕು, ಇಳಿಯುವ ತನಕ ಬೇರೆ ಫಾಂಟ್ ಕಂಡು ಆಮೇಲೆ ಪುಟ ಸ್ವಲ್ಪ ಕುಣಿಯುತ್ತದೆ. ಸಾಧಾರಣ ತೂಕದ ಫೈಲು ಮಾತ್ರ ಇಟ್ಟು ತಲೆಬರಹವನ್ನು ದಪ್ಪ ಮಾಡಿದರೆ ಬ್ರೌಸರ್ ತಾನೇ ಅಕ್ಷರಕ್ಕೆ ಮಸಿ ಬಳಿಯುತ್ತದೆ, ಕನ್ನಡದ ಸುರುಳಿಗಳೆಲ್ಲ ಮುಚ್ಚಿಹೋಗುತ್ತವೆ. ದಪ್ಪದ ಫೈಲನ್ನೂ ಇಡಬೇಕು. ಫೈಲು ಸಣ್ಣದು ಮಾಡಲೆಂದು ಸಿಕ್ಕಿದ ಆನ್‌ಲೈನ್ ಕನ್ವರ್ಟರಿಗೆ ಹಾಕಿದರೆ ಒತ್ತಕ್ಷರ ಕೂಡಿಸುವ ನಿಯಮಗಳೇ ಕಳಚಿ ಹೋಗಿ ‘ಪುಸ್ತಕ’ ಎಂಬುದು ‘ಪುಸ್‌ತಕ’ ಆಗಿ ಬರಬಹುದು. ನಿರ್ಮಲಾದ ಫೈಲನ್ನು ವಿಂಡೋಸಿನಿಂದ ಕಾಪಿ ಮಾಡಿ ಸರ್ವರಿಗೆ ಹಾಕಬೇಡಿ, ಅದಕ್ಕೆ ಮೈಕ್ರೋಸಾಫ್ಟಿನ ಲೈಸೆನ್ಸ್ ಅಡ್ಡಿ. ನೋಟೋ ಮುಕ್ತ ಪರವಾನಗಿಯದ್ದು, ಅದಕ್ಕೆ ಆ ತಕರಾರಿಲ್ಲ.

ನಿಮ್ಮ ಸೈಟಿಗೆ ನಾನು ಹೇಳುವುದು ಮೊದಲ ದಾರಿ. ಚಂದ ಬೇಕೆನಿಸಿದರೆ ಗ್ರಂಥಾಲಯದ ಹೆಸರಿಗೆ ಮತ್ತು ತಲೆಬರಹಗಳಿಗೆ ಮಾತ್ರ ವೆಬ್‌ಫಾಂಟ್ ಇಡಿ.

ಥೀಮಿನ ವಿಷಯ: ಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಈ ತೊಂದರೆಗೆ ಅದು ಮದ್ದಲ್ಲ. ಅದನ್ನು ಮಾಡಿದವರೂ ಇಂಗ್ಲಿಷಿನಲ್ಲೇ ಪರೀಕ್ಷಿಸಿರುತ್ತಾರೆ. ಹಣ ಕೊಡುವ ಮೊದಲು ಅವರ ಡೆಮೊದಲ್ಲಿ ನಿಮ್ಮ ಕನ್ನಡ ಮೆನುವನ್ನೂ ಮಲಯಾಳಂ ಪಟ್ಟಿಯನ್ನೂ ಹಾಕಿ ತೋರಿಸಲು ಹೇಳಿ.

ಪರೀಕ್ಷೆ ಮಾಡುವಾಗ ಒಂದು ಎಚ್ಚರ. ಕ್ರೋಮಿನ ಡೆವಲಪರ್ ಟೂಲಿನಲ್ಲಿ ಐಫೋನ್ ಎಂದು ಆರಿಸಿದರೆ ಪರದೆಯ ಅಳತೆ ಮಾತ್ರ ಐಫೋನಿನದ್ದು, ಎಂಜಿನ್ ಬ್ಲಿಂಕೇ, ಫಾಂಟ್ ವಿಂಡೋಸಿನದ್ದೇ. ಅದನ್ನು ನಂಬಿದರೆ ಮೋಸಹೋಗುತ್ತೀರಿ. ವಿಂಡೋಸಿಗೆ ಸಫಾರಿ ಬರುವುದು 2012ರಲ್ಲೇ ನಿಂತಿದೆ. ಖರ್ಚಿಲ್ಲದ ದಾರಿ ಎಂದರೆ ಲಿನಕ್ಸಿನಲ್ಲಿ ಗ್ನೋಮ್ ವೆಬ್ ಎಂಬ ಬ್ರೌಸರ್. ಅದರ ಒಳಗಿರುವುದು ವೆಬ್‌ಕಿಟ್, ಸಫಾರಿಗೆ ಹತ್ತಿರದ ನೆಂಟ. ಫಾಂಟಿನ ಭಾಗ ಗೊತ್ತಾಗದು, ಜೋಡಣೆಯ ಭಾಗ ಬಹುಪಾಲು ಗೊತ್ತಾಗುತ್ತದೆ. ಮುಂಬೈಯಲ್ಲಿ ಶುರುವಾದ ಬ್ರೌಸರ್‌ಸ್ಟಾಕ್ ಎಂಬ ಸೇವೆಯಲ್ಲಿ ನಿಜವಾದ ಐಫೋನುಗಳನ್ನೇ ದೂರದಿಂದ ಬಳಸಬಹುದು, ಆದರೆ ಅದಕ್ಕೆ ಹಣ ಬೇಕು. ಅಣ್ಣನ ಫೋನು ಪುಕ್ಕಟೆ.

ಗಲ್ಫಿನಿಂದ ಊರಿಗೆ ಬರುವ ಹಳೆಯ ಐಫೋನುಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಣ್ಣ ಹೊಸದು ಕೊಂಡಾಗ ಹಳೆಯದು ಮನೆಯಲ್ಲಿ ಯಾರದ್ದಾದರೂ ಕೈಗೆ ಬರುತ್ತದಲ್ಲ? ಐಫೋನ್ 6 ಐಒಎಸ್ 12ರಲ್ಲಿ ನಿಂತಿದೆ, 6ಎಸ್ ಮತ್ತು 7 ಐಒಎಸ್ 15ರಲ್ಲಿ. ಅಲ್ಲಿ ಸಫಾರಿ ಒಂದನ್ನೇ ಹೊಸದು ಮಾಡಿಕೊಳ್ಳಲು ಬರುವುದಿಲ್ಲ. ನಿಮ್ಮ ಮೆನುವಿನ ಪದಗಳ ನಡುವೆ ಫ್ಲೆಕ್ಸಿನ ಗ್ಯಾಪ್ ಬಳಸಿದ್ದೀರಿ, ಅದು ಸಫಾರಿಗೆ ಬಂದದ್ದು 2021ರಲ್ಲಿ, 14.1ರೊಂದಿಗೆ. ಐಫೋನ್ 6ರಲ್ಲಿ ಪದಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಇದನ್ನು, ಒಂದು ಸೌಲಭ್ಯ ಬ್ರೌಸರಿಗೆ ಗೊತ್ತೇ ಎಂದು ಕೇಳುವ ಸಪೋರ್ಟ್ಸ್ ಎಂಬ ನಿಯಮದಿಂದ ಪತ್ತೆಹಚ್ಚಲೂ ಆಗುವುದಿಲ್ಲ: ಗ್ರಿಡ್ಡಿನ ಗ್ಯಾಪ್ ಆ ಹಳೆಯ ಫೋನಿಗೂ ಗೊತ್ತು, ಕೇಳಿದರೆ ‘ಹೌದು, ಗೊತ್ತು’ ಎಂದೇ ಉತ್ತರ ಕೊಡುತ್ತದೆ. ಸುಮ್ಮನೆ ಮಾರ್ಜಿನ್ ಕೊಟ್ಟುಬಿಡಿ.

ಸಣ್ಣಪುಟ್ಟವು: ಫೈಲಿನ ಮೊದಲ ಸಾಲಿನಲ್ಲಿ ಡಾಕ್‌ಟೈಪ್ ಇಲ್ಲ, ಸೇರಿಸಿ. ಇಲ್ಲದಿದ್ದರೆ ಬ್ರೌಸರುಗಳು ತೊಂಬತ್ತರ ದಶಕದ ಪುಟವೆಂದು ತಿಳಿದು ಹಳೆಯ ರೂಢಿಯಂತೆ ನಡೆಯುತ್ತವೆ. ಎಲ್ಲಕ್ಕೂ ಬಾಕ್ಸ್-ಸೈಜಿಂಗ್ ಬಾರ್ಡರ್-ಬಾಕ್ಸ್ ಕೊಡಿ, ಆಗ ಪ್ಯಾಡಿಂಗೂ ಅಂಚೂ ಅಗಲದ ಲೆಕ್ಕದೊಳಗೇ ಬರುತ್ತವೆ. ಕನ್ನಡ ಪಟ್ಟಿಗೆ ಲ್ಯಾಂಗ್ ಕೆಎನ್, ಮಲಯಾಳಂ ಪಟ್ಟಿಗೆ ಲ್ಯಾಂಗ್ ಎಂಎಲ್ ಎಂದು ಬರೆಯಿರಿ, ಯಾವ ಭಾಷೆ ಎಂದು ಬ್ರೌಸರಿಗೆ ತಿಳಿಯಲಿ. 100 ವಿಡಬ್ಲ್ಯೂ (ಪರದೆಯ ಪೂರ್ತಿ ಅಗಲ) ಎಂದಿರುವಲ್ಲೆಲ್ಲ ನೂರು ಶೇಕಡಾ ಮಾಡಿ. ವಿಡಬ್ಲ್ಯೂ ವಿಂಡೋಸಿನ ಸ್ಕ್ರೋಲ್‌ಬಾರಿನ ಜಾಗವನ್ನೂ ಸೇರಿಸಿ ಲೆಕ್ಕ ಹಾಕುವುದರಿಂದ ಪುಟ ಅಡ್ಡಡ್ಡ ಅಲುಗಾಡುತ್ತದೆ.

ಕೆಲಸದ ಕ್ರಮ ಹೀಗಿರಲಿ: ಮೊದಲು ಡಾಕ್‌ಟೈಪ್, ಆಮೇಲೆ ಗಟ್ಟಿ ಎತ್ತರಗಳನ್ನು ತೆಗೆಯುವುದು, ಆಮೇಲೆ ಗ್ರಿಡ್, ಕೊನೆಗೆ ಐಫೋನಿನ ಎರಡು. ಒಂದೊಂದು ಮಾಡಿದಾಗಲೂ ಶಾಲೆಯ ಕಂಪ್ಯೂಟರಿನಲ್ಲಿ ಒಮ್ಮೆ ನೋಡಿ. ಎಲ್ಲ ಮುಗಿದ ಮೇಲೂ ಅಣ್ಣನ ಫೋನಿನಲ್ಲಿ ಏನಾದರೂ ತುಂಡಾಗಿ ಕಂಡರೆ ಸ್ಕ್ರೀನ್‌ಶಾಟಿನ ಜತೆ ಐಒಎಸ್ ಎಷ್ಟನೆಯದು ಎಂದೂ ಬರೆದು ಕಳಿಸಿ. ಸೆಟ್ಟಿಂಗ್ಸಿನಲ್ಲಿ ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿಟ್ಟಿದ್ದಾರೆಯೇ ಎಂದು ಅವರಲ್ಲೇ ಕೇಳಿ, ಅದನ್ನೂ ತಿಳಿಸಿ.